ಕೊಟ್ಟಿಗೆಯಲ್ಲಿ ಘಾಟು, ಬೋರಿನಲ್ಲಿ ನೈಟ್ರೇಟ್: ದೋಷ ಗೋದಲಿಯಲ್ಲಿದೆಯಾ ಅಂತ ಹುಡುಕುವ ಬಗೆ

ಬೆಳಗಿನ ಜಾವ ಹಾಲು ಕರೆಯಲು ಕೊಟ್ಟಿಗೆ ಬಾಗಿಲು ತೆಗೆದ ಕೂಡಲೇ ಕಣ್ಣು ಉರಿಯುತ್ತದೆ. ಮಳೆ ಬಂದು ನಾಲ್ಕು ದಿನಕ್ಕೆ ಕೃಷಿ ಹೊಂಡದ ನೀರು ಪಾಚಿ ಕಟ್ಟಿ ಹಸಿರಾಗುತ್ತದೆ. ಬೋರ್‌ವೆಲ್ ನೀರು ಪರೀಕ್ಷೆಗೆ ಕೊಟ್ಟರೆ ನೈಟ್ರೇಟ್ ಮಿತಿ ದಾಟಿದೆ ಅಂತ ವರದಿ ಬರುತ್ತದೆ. ಶಿಡ್ಲಘಟ್ಟ ಕಡೆಯ ನಮ್ಮ ಮನೆಯಲ್ಲಿ ಎಂಟು ಸೀಮೆಹಸು ಇವೆ. ಈ ಮೂರೂ ತೊಂದರೆ ಒಂದೇ ವರ್ಷ ಕಂಡವು. ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಜಾಸ್ತಿ ನೀರು ಬಿಟ್ಟು ತೊಳೆದೆವು. ಘಾಟು ಕೊಟ್ಟಿಗೆಯಿಂದ ಚರಂಡಿಗೆ ಹೋಯಿತು, ಅಷ್ಟೇ.

ಹಸುವಿನ ಹಿಂದೆ ಬೀಳುವುದು ಅದರ ಮುಂದೆ ಹಾಕಿದ್ದೇ ತಾನೆ? ಅದಕ್ಕೇ ಹುಡುಕಾಟ ಗೋದಲಿಯಿಂದ ಶುರುವಾಗಬೇಕು. ನಾವು ಹುಡುಕಿದ ದಾರಿ, ಎಡವಿದ ಜಾಗ ಎರಡನ್ನೂ ಬರೆದಿದ್ದೇನೆ.

ಮೊದಲು ಯಾವ ದೋಷ ಅಂತ ಬಿಡಿಸಿಕೊಳ್ಳಿ

ಮೂರನ್ನೂ ಸೇರಿಸಿ "ಸಗಣಿ ಸಮಸ್ಯೆ" ಅಂದುಬಿಟ್ಟರೆ ದಾರಿ ತಪ್ಪುತ್ತದೆ. ಘಾಟಿಗೆ ಕಾರಣ ಸಾರಜನಕ, ಅದರಲ್ಲೂ ಗಂಜಲದಲ್ಲಿ ಹೋಗುವ ಸಾರಜನಕ. ಹಸು ತಿಂದ ಪ್ರೋಟೀನ್ ಬೇಕಾದ್ದಕ್ಕಿಂತ ಹೆಚ್ಚಾದರೆ ಅದು ಮೈಯಲ್ಲಿ ಕೂಡಿಡಲು ಬರುವುದಿಲ್ಲ. ಯಕೃತ್ತು ಅದನ್ನು ಯೂರಿಯಾ ಮಾಡಿ ಗಂಜಲಕ್ಕೆ ತಳ್ಳುತ್ತದೆ. ಹೌದು, ಹೊಲಕ್ಕೆ ಹಾಕುವ ಅದೇ ಯೂರಿಯಾ. ಗಂಜಲ ಒಂದೇ ಇದ್ದಾಗ ಅಷ್ಟು ಘಾಟು ಬರುವುದಿಲ್ಲ. ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳ ಕಿಣ್ವ ತಗುಲಿದ ಮೇಲೆ ಕೆಲವೇ ಗಂಟೆಗಳಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಮೂಗಿಗೆ ಚುಚ್ಚುವುದು ಅದು.

ಹೊಂಡ ಹಸಿರಾಗುವುದಕ್ಕೆ ದೊಡ್ಡ ಕಾರಣ ರಂಜಕ. ಇದು ಗಂಜಲದಲ್ಲಿ ತೀರಾ ಕಡಿಮೆ, ಹೆಚ್ಚುಪಾಲು ಸಗಣಿಯಲ್ಲಿ ಹೋಗುತ್ತದೆ. ಮಳೆ ಬಂದಾಗ ತಿಪ್ಪೆಯಿಂದ ಹರಿದು ಹೊಂಡ, ಕುಂಟೆ ಸೇರುತ್ತದೆ.

ಬೋರಿನ ನೈಟ್ರೇಟ್ ಮತ್ತೆ ಸಾರಜನಕದ್ದೇ ಕಥೆ, ಆದರೆ ನಿಧಾನದ್ದು. ಮಣ್ಣಲ್ಲಿ ಅಮೋನಿಯಾ ನೈಟ್ರೇಟ್ ಆಗಿ, ನೀರಿನ ಜೊತೆ ಕೆಳಗಿಳಿದು, ವರ್ಷಗಟ್ಟಲೆ ಆದ ಮೇಲೆ ಬೋರಿಗೆ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದ್ದರೆ ಗೋದಲಿ ನೋಡುವುದಕ್ಕೂ ಮೊದಲು ಒಂದು ಕೆಲಸ ಮಾಡಿ: ಆ ನೀರಿನಲ್ಲಿ ಪುಟ್ಟ ಮಕ್ಕಳಿಗೆ ಹಾಲಿನ ಪುಡಿ ಕಲಸುವುದನ್ನು ಇವತ್ತೇ ನಿಲ್ಲಿಸಿ. ಎಳೆ ಮಕ್ಕಳ ರಕ್ತ ಆಮ್ಲಜನಕ ಹೊರುವುದಕ್ಕೆ ಅದು ಅಡ್ಡ ಬರುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಘಟಕದ ನೀರು ತನ್ನಿ.

ಹಸುವಿನ ತಲೆಗೆ ಕಟ್ಟುವ ಮೊದಲು

ಎಲ್ಲ ತಪ್ಪೂ ಹಸುವಿನದ್ದಲ್ಲ. ಬೋರಿನ ಪಕ್ಕದಲ್ಲೇ ಶೌಚಾಲಯದ ಗುಂಡಿ ಇದ್ದರೆ, ಸುತ್ತ ಟೊಮೆಟೊ ತೋಟಕ್ಕೆ ಡ್ರಿಪ್ಪಿನಲ್ಲಿ ಗೊಬ್ಬರ ಸುರಿಯುತ್ತಿದ್ದರೆ, ನೈಟ್ರೇಟ್ ಅಲ್ಲಿಂದಲೂ ಬಂದಿರಬಹುದು. ಆರ್‌ಒ ಘಟಕ ಹೊರಗೆ ಬಿಡುವ ನೀರಿನಲ್ಲೂ ಅದೇ ನೈಟ್ರೇಟ್ ಗಟ್ಟಿಯಾಗಿ ಇರುತ್ತದೆ. ಅದನ್ನು ಎಲ್ಲಿ ಬಿಡುತ್ತಿದ್ದಾರೆ, ನೋಡಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕೆರೆಗಳಿಗೆ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಆ ನೀರಿನಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗಿರುವುದಿಲ್ಲ. ಅಂಥ ಕೆರೆ ಹಸಿರಾಗಿದ್ದಕ್ಕೆ ಊರಿನ ಕೊಟ್ಟಿಗೆಗಳನ್ನು ಬೈದು ಪ್ರಯೋಜನವಿಲ್ಲ. ಆದರೆ ನಿಮ್ಮದೇ ಹೊಂಡಕ್ಕೆ ನಿಮ್ಮದೇ ತಿಪ್ಪೆಯ ಇಳಿಜಾರಿನಿಂದ ನೀರು ಬರುತ್ತಿದ್ದರೆ ಆ ನೆಪ ನಡೆಯುವುದಿಲ್ಲ.

ಕೊಟ್ಟಿಗೆಯ ಘಾಟಿಗೂ ಹೀಗೇ ಒಂದು ಸುಲಭ ಪರೀಕ್ಷೆ ಇದೆ. ನೆಲ ಗುಂಡಿ ಬಿದ್ದು ಗಂಜಲ ನಿಲ್ಲುತ್ತಿದೆಯಾ? ಗಾಳಿ ಆಡುತ್ತಿದೆಯಾ? ಒಂದು ವಾರ ದಿನಕ್ಕೆರಡು ಬಾರಿ ಸಗಣಿ ಬಾಚಿ, ಗಂಜಲ ತಕ್ಷಣ ಹರಿದು ಹೋಗುವಂತೆ ಮಾಡಿ. ಘಾಟು ಹೋದರೆ ದೋಷ ನೆಲದ್ದು. ಹಸುವಿನ ಹಿಂದೆ ಬಗ್ಗಿದಾಗ ಆಮೇಲೂ ಮೂಗಿಗೆ ಹೊಡೆಯುತ್ತಿದ್ದರೆ ಗೋದಲಿಗೆ ಬನ್ನಿ.

ಒಂದು ದಿನ ತಕ್ಕಡಿ ಹಿಡಿಯಿರಿ

"ದಿನಾ ಎಷ್ಟು ಹಾಕ್ತೀರಿ?" ಅಂತ ಯಾರನ್ನೇ ಕೇಳಿ, ಉತ್ತರ ಡಬ್ಬದ ಲೆಕ್ಕದಲ್ಲಿ ಬರುತ್ತದೆ. ಎರಡು ಡಬ್ಬ ಬೂಸಾ, ಒಂದು ಡಬ್ಬ ಹಿಂಡಿ. ಒಂದೇ ಡಬ್ಬದಲ್ಲಿ ಬೂಸಾ ತುಂಬಿದರೆ ಹಗುರ, ಹಿಂಡಿ ತುಂಬಿದರೆ ಭಾರ. ಜೊತೆಗೆ ಹಾಕುವ ಕೈ ಬೇರೆಯಾದರೆ ಅಳತೆಯೂ ಬೇರೆ. ಅದಕ್ಕೇ ಕೊಕ್ಕೆ ತಕ್ಕಡಿಯಲ್ಲಿ ಒಂದು ಇಡೀ ದಿನದ ಮೇವು ತೂಗಿ. ಬೆಳಗ್ಗೆಯಿಂದ ರಾತ್ರಿವರೆಗೆ, ಯಾರೇ ಹಾಕಲಿ, ಏನೇ ಹಾಕಲಿ. ಉಳಿದದ್ದನ್ನೂ ತೂಗಿ ಕಳೆಯಿರಿ.

ನಮ್ಮನೆಯಲ್ಲಿ 450 ಕೆಜಿ ಆಸುಪಾಸಿನ, ದಿನಕ್ಕೆ 12 ಲೀಟರ್ ಕೊಡುವ ಒಂದು ಹಸುವಿಗೆ ಹೋಗುತ್ತಿದ್ದದ್ದು ಇಷ್ಟು: ನೇಪಿಯರ್ ಹಸಿ ಹುಲ್ಲು 15 ಕೆಜಿ, ರಾಗಿ ಹುಲ್ಲು 5 ಕೆಜಿ, ಮೂಟೆ ಫೀಡು 4 ಕೆಜಿ, ಕಡಲೆಕಾಯಿ ಹಿಂಡಿ 2 ಕೆಜಿ, ಗೋಧಿ ಬೂಸಾ ಒಂದೂವರೆ ಕೆಜಿ.

ಇನ್ನು ಪ್ರೋಟೀನ್ ಲೆಕ್ಕ. ಹಸಿ ಹುಲ್ಲಿನಲ್ಲಿ ನೂರಕ್ಕೆ 80ರಷ್ಟು ನೀರೇ ಇರುವುದರಿಂದ ಮೊದಲು ಎಲ್ಲವನ್ನೂ ಒಣ ತೂಕಕ್ಕೆ ತರಬೇಕು. 15 ಕೆಜಿ ನೇಪಿಯರ್ ಅಂದರೆ ಒಣ ತೂಕ 3 ಕೆಜಿ, ಅದರಲ್ಲಿ ಪ್ರೋಟೀನ್ ನೂರಕ್ಕೆ 8, ಅಂದರೆ 240 ಗ್ರಾಂ. ರಾಗಿ ಹುಲ್ಲಿನದ್ದು ಸುಮಾರು 160. ನೂರಕ್ಕೆ 20 ಪ್ರೋಟೀನಿನ ಫೀಡಿನಿಂದ 720. ಹಿಂಡಿಯಿಂದ ಒಂದೇ ಏಟಿಗೆ 750ರ ಮೇಲೆ. ಬೂಸಾದಿಂದ 200. ಒಟ್ಟು ಹತ್ತಿರ ಹತ್ತಿರ 2075 ಗ್ರಾಂ.

ಅಂಥ ಹಸುವಿಗೆ ಬೇಕಾದದ್ದು ಎಷ್ಟು? ಮೈ ನಡೆಸಲು 400 ಗ್ರಾಂ ಆಸುಪಾಸು, ಲೀಟರ್ ಹಾಲಿಗೆ 85ರಿಂದ 90 ಗ್ರಾಂ. ಧಾರಾಳವಾಗಿ ಲೆಕ್ಕ ಹಾಕಿದರೂ 1500 ಗ್ರಾಂ. ಮಿಕ್ಕ ಅರ್ಧ ಕೆಜಿಗೂ ಹೆಚ್ಚು ಪ್ರೋಟೀನ್ ನಾವು ದುಡ್ಡು ಕೊಟ್ಟು ತಂದು ಚರಂಡಿಗೆ ಹಾಕುತ್ತಿದ್ದೆವು.

ಇನ್ನೊಂದು ಥರ ನೋಡಿ. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆ. ದಿನಕ್ಕೆ 332 ಗ್ರಾಂ ಒಳಗೆ ಹೋಗುತ್ತದೆ. 12 ಲೀಟರ್ ಹಾಲಿನಲ್ಲಿ ಕ್ಯಾನಿಗೆ ಬರುವುದು ಬರೀ 60 ಗ್ರಾಂ. ಉಳಿದ 270 ಗ್ರಾಂ ಸಗಣಿ, ಗಂಜಲ. ಎಂಟೂ ಹಸು ಹೀಗೇ ತಿಂದರೆ ದಿನಕ್ಕೆ 2 ಕೆಜಿ ಮೇಲೆ. 45 ಕೆಜಿ ಯೂರಿಯಾ ಮೂಟೆಯಲ್ಲಿ ಇರುವ ಸಾರಜನಕ 20 ಕೆಜಿ ಚಿಲ್ಲರೆ. ಅಂದರೆ ಒಂಬತ್ತು ಹತ್ತು ದಿನಕ್ಕೊಮ್ಮೆ ಒಂದು ಮೂಟೆ ಯೂರಿಯಾ ಬಿಚ್ಚಿ ಕೊಟ್ಟಿಗೆ ಹಿಂದೆ ಸುರಿದ ಹಾಗೆ. ಈ ಲೆಕ್ಕ ಕೇಳಿ ನಮ್ಮಣ್ಣ ಹಿಂಡಿ ಮೂಟೆ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ.

ಇದು ಸೊನ್ನೆ ಆಗುವ ಲೆಕ್ಕವಲ್ಲ. ಚೆನ್ನಾಗಿ ಮೇವು ಹೊಂದಿಸಿದ ಹಸುವೂ ತಿಂದ ಸಾರಜನಕದಲ್ಲಿ ನೂರಕ್ಕೆ 25ರಿಂದ 30ರಷ್ಟನ್ನು ಮಾತ್ರ ಹಾಲಿಗೆ ತರುತ್ತದೆ. ನಮ್ಮದು 18 ಇತ್ತು.

ಹಾಲನ್ನೇ ಕೇಳಿ

ತಕ್ಕಡಿ ಲೆಕ್ಕ ಸರಿಯಾ ಅಂತ ಹಸುವೇ ಹೇಳುತ್ತದೆ. ರಕ್ತದಲ್ಲಿ ಓಡಾಡುವ ಯೂರಿಯಾ ಹಾಲಿಗೂ ಸೋರುತ್ತದೆ. ಇದನ್ನು ಹಾಲಿನ ಯೂರಿಯಾ ಸಾರಜನಕ, ಚಿಕ್ಕದಾಗಿ ಎಂಯುಎನ್ ಅನ್ನುತ್ತಾರೆ. 100 ಮಿಲಿ ಹಾಲಿನಲ್ಲಿ 10ರಿಂದ 14 ಮಿಲಿಗ್ರಾಂ ಇದ್ದರೆ ಚಿಂತೆಯಿಲ್ಲ. 16 ದಾಟಿದರೆ ಪ್ರೋಟೀನ್ ವ್ಯರ್ಥವಾಗುತ್ತಿದೆ. 8ಕ್ಕಿಂತ ಕೆಳಗಿದ್ದು ಹಾಲೂ ಕಡಿಮೆ ಇದ್ದರೆ ಹಸುವಿಗೆ ಪ್ರೋಟೀನ್ ಸಾಲದೇ ಇರಬಹುದು. ಆಗ ಹಿಂಡಿ ಕಡಿಮೆ ಮಾಡುವ ಮಾತೇ ಇಲ್ಲ.

ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ. "ಡೈರಿಯಲ್ಲಿ ಯೂರಿಯಾ ಟೆಸ್ಟ್ ಮಾಡ್ತಾರಲ್ಲ, ನಮ್ಮ ಹಾಲು ಪಾಸಾಗಿದೆ" ಅನ್ನುತ್ತಾರೆ. ಅದು ಕಲಬೆರಕೆ ಹಿಡಿಯುವ ಪರೀಕ್ಷೆ. ಹಾಲಿನಲ್ಲಿ ಯೂರಿಯಾಕ್ಕೆ ಇರುವ ಮಿತಿ 100 ಮಿಲಿಗೆ 70 ಮಿಲಿಗ್ರಾಂ. ಎಂಯುಎನ್ 16 ಅಂದರೆ ಯೂರಿಯಾ ಲೆಕ್ಕದಲ್ಲಿ ಸುಮಾರು 34. ಅಂದರೆ ಆ ಪರೀಕ್ಷೆಯಲ್ಲಿ ಸುಲಭವಾಗಿ ಪಾಸು. ಹಾಗಾಗಿ ಎಂಯುಎನ್ ಅಂತಲೇ ಕೇಳಿ ಮಾಡಿಸಿ. ಹಾಲು ಒಕ್ಕೂಟದ ಪ್ರಯೋಗಾಲಯದಲ್ಲಿ ಈ ಸೌಲಭ್ಯ ಇದೆಯಾ ಅಂತ ವಿಚಾರಿಸಿ. ಒಂದೇ ಹಸುವಿನ ಹಾಲು ಕೊಟ್ಟು ತೀರ್ಮಾನಕ್ಕೆ ಬರಬೇಡಿ. ಹಸುವಿಂದ ಹಸುವಿಗೆ, ಬೆಳಗ್ಗೆ ಸಂಜೆಗೆ ಅಂಕಿ ಆಡುತ್ತದೆ. ಎಲ್ಲ ಹಸುಗಳ ಹಾಲು ಬೆರೆತ ಕ್ಯಾನಿನಿಂದ, ಪ್ರತಿ ಸಲ ಒಂದೇ ಹೊತ್ತಿನದ್ದು ತೆಗೆಯಿರಿ.

ಎಂಯುಎನ್ ಜಾಸ್ತಿ ಬಂದರೆ ಕಾರಣ ಎರಡರಲ್ಲಿ ಒಂದು. ಪ್ರೋಟೀನ್ ನಿಜಕ್ಕೂ ಹೆಚ್ಚಾಗಿದೆ, ಇಲ್ಲವೇ ಅದನ್ನು ಬಳಸಿಕೊಳ್ಳಲು ಬೇಕಾದ ಹಿಟ್ಟಿನಂಶ ಸಾಲುತ್ತಿಲ್ಲ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಪ್ರೋಟೀನ್ ಒಡೆದು ಬಂದ ಅಮೋನಿಯಾವನ್ನು ತಮ್ಮ ಮೈಗೆ ಸೇರಿಸಿಕೊಳ್ಳಬೇಕಾದರೆ ಅದೇ ಹೊತ್ತಿಗೆ ಶಕ್ತಿಯೂ ಸಿಗಬೇಕು. ಜೋಳದ ನುಚ್ಚಿನಂಥದ್ದು ಇಲ್ಲದಿದ್ದರೆ ಅಮೋನಿಯಾ ರಕ್ತಕ್ಕೆ ಹೋಗುತ್ತದೆ. ಎಂಯುಎನ್ ಜಾಸ್ತಿ, ಡೈರಿ ಚೀಟಿಯಲ್ಲಿ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಕಡಿಮೆ, ಹಸು ಬಡವಾಗಿದೆ: ಇಷ್ಟೂ ಒಟ್ಟಿಗೆ ಕಂಡರೆ ನಾನು ಮೊದಲು ಅನುಮಾನಿಸುವುದು ಹಿಟ್ಟಿನಂಶದ ಕೊರತೆಯನ್ನು.

ಸಗಣಿಯನ್ನೂ ನೋಡಿ. ಬಿದ್ದಾಗ ಗುಡ್ಡೆಯಾಗಿ, ನಡುವೆ ಸಣ್ಣ ಗುಳಿಯಾಗಿ ನಿಂತರೆ ಸರಿ. ನೀರಾಗಿ ಹರಡಿದರೆ ಪ್ರೋಟೀನ್ ಜಾಸ್ತಿ ಅಥವಾ ನಾರು ಕಡಿಮೆ. ಒಂದು ಹಿಡಿ ಸಗಣಿಯನ್ನು ಜರಡಿಯಲ್ಲಿಟ್ಟು ತೊಳೆದರೆ ಜೋಳದ ಚೂರು ಹಾಗೇ ಸಿಕ್ಕಿದರೆ ನುಚ್ಚು ದಪ್ಪವಾಗಿದೆ ಅಂತ ಅರ್ಥ. ಹಸು ತಿಂದಿದೆ, ಆದರೆ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಸಿಕ್ಕಿಲ್ಲ.

ಲೆಕ್ಕಕ್ಕೆ ಸಿಗದ ಮೇವು

ನಮ್ಮ ಮೊದಲ ಎಂಯುಎನ್ 19 ಬಂತು. ಹಿಂಡಿಯನ್ನು 2 ಕೆಜಿಯಿಂದ 1ಕ್ಕೆ, ಬೂಸಾವನ್ನು ಅರ್ಧ ಕೆಜಿಗೆ ಇಳಿಸಿ, ಒಂದೂವರೆ ಕೆಜಿ ಮೆಕ್ಕೆಜೋಳದ ನುಚ್ಚು ಸೇರಿಸಿದೆವು. ಪ್ರೋಟೀನ್ 1685 ಗ್ರಾಮಿಗೆ ಬಂತು. ಕಾಗದದ ಮೇಲೆ ಎಲ್ಲ ಸರಿ. ಎರಡು ವಾರದ ಮೇಲೆ ಪರೀಕ್ಷೆ ಮಾಡಿಸಿದರೆ 17.

ಎಲ್ಲಿ ತಪ್ಪಿತು ಅಂತ ಗೊತ್ತಾಗಲಿಲ್ಲ. ಮತ್ತೆ ತೂಗಿದೆವು. ಫೀಡು ಬದಲಿಸೋಣವಾ ಅಂತ ಯೋಚಿಸಿದೆವು. ಕೊನೆಗೆ ಒಂದು ಮಧ್ಯಾಹ್ನ ಕೊಟ್ಟಿಗೆ ಹತ್ತಿರ ಹೋದಾಗ ಅಮ್ಮ ಹುಳು ಮನೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದರು. ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಕಡ್ಡಿ. "ಸುಮ್ನೆ ತಿಪ್ಪೆಗೆ ಯಾಕೆ ಹಾಕೋದು? ಹಸುಗಳು ಇಷ್ಟಪಟ್ಟು ತಿಂತವೆ ಅಲ್ವಾ?" ಅಂದರು. ನಾವು ತೂಗಿದ ದಿನ ಹುಳು ಜ್ವರಕ್ಕೆ ಕೂತಿತ್ತು, ಅಂದರೆ ಪೊರೆ ಬಿಡಲು ತಿನ್ನುವುದು ನಿಲ್ಲಿಸಿತ್ತು, ಹಾಗಾಗಿ ಅವತ್ತು ಸೊಪ್ಪೇ ಇರಲಿಲ್ಲ!

ಹಿಪ್ಪುನೇರಳೆ ಎಲೆಯ ಒಣ ತೂಕದಲ್ಲಿ ಪ್ರೋಟೀನ್ ನೂರಕ್ಕೆ 15ರ ಮೇಲೇ ಇರುತ್ತದೆ. ಹಸುವಿಗೆ ನಾಲ್ಕೈದು ಕೆಜಿ ಹಸಿ ಎಲೆ ಹೋದರೆ ಅರ್ಧ ಕೆಜಿ ಕಡಲೆಕಾಯಿ ಹಿಂಡಿ ಹಾಕಿದಷ್ಟೇ ಆಯಿತು. ಅಮ್ಮನದು ತಪ್ಪೇನಲ್ಲ. ಪುಕ್ಕಟೆ ಬರುವ ಒಳ್ಳೆ ಮೇವು ಅದು. ಇಳಿಸಬೇಕಾದ್ದು ಹಿಂಡಿಯನ್ನು. ಈಗ ಸೊಪ್ಪು ಇರುವ ದಿನ ಹಿಂಡಿ ಅರ್ಧ ಕೆಜಿ ಮಾತ್ರ. ಮುಂದಿನ ಪರೀಕ್ಷೆಯಲ್ಲಿ 13 ಬಂತು. ಹಾಲು ಇಳಿಯಲಿಲ್ಲ. ಒಂದು ಎಚ್ಚರಿಕೆ: ಹುಳುವಿನ ಹಾಸಿಗೆಗೆ ರೋಗ ಬರದಂತೆ ಪುಡಿ ಉದುರಿಸಿದ ದಿನದ ಸೊಪ್ಪು ಹಸುವಿಗೆ ಬೇಡ.

ನಿಮ್ಮಲ್ಲಿ ಹಿಪ್ಪುನೇರಳೆ ಇಲ್ಲದಿರಬಹುದು, ಬೇರೇನೋ ಇರುತ್ತದೆ. ಬೆಂಗಳೂರಿನ ಸುತ್ತ ಬಿಯರ್ ಕಾರ್ಖಾನೆಯ ಬಾರ್ಲಿ ಚರಟ ತರುತ್ತಾರೆ, ಅದರ ಒಣ ತೂಕದಲ್ಲಿ ಕಾಲು ಭಾಗದಷ್ಟು ಪ್ರೋಟೀನ್. ಹೂಕೋಸಿನ ಸೊಪ್ಪು, ಹಲಸಂದೆ ಬಳ್ಳಿ, ಕುದುರೆ ಮೆಂತೆ ಎಲ್ಲ ಈ ಸಾಲಿನವೇ. ಕೊಟ್ಟಿಗೆಯ ಗಂಜಲ ಬಿಟ್ಟು, ಮೇಲೆ ಯೂರಿಯಾ ಚೆಲ್ಲಿ, ಎಳೆಯದರಲ್ಲೇ ಕೊಯ್ದ ನೇಪಿಯರ್ ಕೂಡ ನೂರಕ್ಕೆ 8ರಲ್ಲಿ ನಿಲ್ಲುವುದಿಲ್ಲ.

ಎಲ್ಲಕ್ಕೂ ಒಂದೇ ಬಕೆಟ್

ಹೆಚ್ಚು ಮನೆಗಳಲ್ಲಿ ಸಿಗುವ ದೋಷ ಇದು. 18 ಲೀಟರ್ ಕೊಡುವ ಹಸುವಿಗೂ, 6ಕ್ಕೆ ಇಳಿದದ್ದಕ್ಕೂ, ಹಾಲು ಬತ್ತಿದ ಗಬ್ಬದ ಹಸುವಿಗೂ ಒಂದೇ ಅಳತೆ. ಮೊದಲನೆಯದಕ್ಕೆ ಸಾಲದು, ಉಳಿದವಕ್ಕೆ ವ್ಯರ್ಥ. ಮೈಗೆ ಒಂದೂವರೆ ಕೆಜಿ, ಆಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ತಿಂಡಿ ಅನ್ನುವ ಹಳೇ ಲೆಕ್ಕ ಶುರು ಮಾಡಲು ಸಾಕು. ಆ ತಿಂಡಿಯಲ್ಲಿ ಫೀಡು, ಹಿಂಡಿ, ಬೂಸಾ, ನುಚ್ಚು ಎಲ್ಲ ಸೇರಿತು. ಫೀಡಿನ ಮೇಲೆ ಹಿಂಡಿ ಬೇರೆ ಅಲ್ಲ. ಫೀಡಿನಲ್ಲಿ ಹಿಂಡಿ ಮೊದಲೇ ಇದೆ. ಮೂಟೆಯ ಚೀಟಿ ಓದಿ, ಪ್ರೋಟೀನ್ ನೂರಕ್ಕೆ 20 ಅಥವಾ 22 ಅಂತ ಬರೆದಿರುತ್ತದೆ.

ಲೆಕ್ಕ ತಲೆ ತಿನ್ನುತ್ತದೆ ಅನಿಸಿದರೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಮೇವು ಸಮತೋಲನ ಕಾರ್ಯಕ್ರಮ ಇದಕ್ಕೇ ಇರುವುದು. ಹಸುವಿನ ತೂಕ, ಹಾಲು, ಫ್ಯಾಟು, ಮನೆಯಲ್ಲಿರುವ ಮೇವು ಹೇಳಿದರೆ ಕಡಿಮೆ ಖರ್ಚಿನಲ್ಲಿ ಯಾವುದು ಎಷ್ಟು ಅಂತ ಅದು ಹೊಂದಿಸಿ ಕೊಡುತ್ತದೆ. ತೂಗಿದ ಅಂಕಿ ಕೊಟ್ಟರೆ ಮಾತ್ರ. ಡಬ್ಬದ ಅಂಕಿ ಕೊಟ್ಟರೆ ಡಬ್ಬದ ಉತ್ತರವೇ ಬರುತ್ತದೆ.

ಹೊಂಡದ ಹಸಿರು

ರಂಜಕಕ್ಕೆ ಮೊದಲ ಅನುಮಾನ ಬೂಸಾ, ಅಕ್ಕಿ ತೌಡು. ಒಂದು ಕೆಜಿ ಗೋಧಿ ಬೂಸಾದಲ್ಲಿ 10 ಗ್ರಾಂ ಆಸುಪಾಸು ರಂಜಕ ಇರುತ್ತದೆ, ತೌಡಿನಲ್ಲಿ ಇನ್ನೂ ಜಾಸ್ತಿ. ಒಂದು ಲೀಟರ್ ಹಾಲಿನಲ್ಲಿ ಹೊರಗೆ ಬರುವುದು ಒಂದು ಗ್ರಾಮಿನಷ್ಟು. ಒಟ್ಟು ಮೇವಿನ ಒಣ ತೂಕದಲ್ಲಿ ನೂರಕ್ಕೆ 0.35ರ ಹತ್ತಿರ ರಂಜಕ ಇದ್ದರೆ ಹಸುವಿಗೆ ಸಾಕು. ಫೀಡು, ಬೂಸಾ, ಹಿಂಡಿ ಮೂರೂ ಧಾರಾಳವಾಗಿ ಹಾಕುವ ಮನೆಗಳಲ್ಲಿ ಅದು ಬೇಗ ದಾಟುತ್ತದೆ. "ರಂಜಕ ಕೊಟ್ಟರೆ ಬೇಗ ಬೆದೆಗೆ ಬರುತ್ತೆ" ಅಂತ ಮೇಲಿಂದ ಮೇಲೆ ಟಾನಿಕ್ ಕುಡಿಸುವವರಿದ್ದಾರೆ. ಕೊರತೆ ಇದ್ದರೆ ಸರಿ. ಇಲ್ಲದಿದ್ದರೆ ಅದು ಸಗಣಿಗೆ ಹೋಗುತ್ತದೆ.

ಹಾಗಂತ ಖನಿಜ ಮಿಶ್ರಣ ನಿಲ್ಲಿಸಬೇಡಿ. ಅದರಲ್ಲಿ ಕ್ಯಾಲ್ಸಿಯಂ, ಸತು, ತಾಮ್ರ ಇವೆ. ಬರೀ ರಾಗಿ ಹುಲ್ಲು, ಬತ್ತದ ಹುಲ್ಲಿನ ಮೇಲೆ ಬದುಕುವ ಹಸುವಿಗೆ ರಂಜಕವೂ ಅದರಿಂದಲೇ ಬರಬೇಕು. ಕಡಿಮೆ ಮಾಡಬೇಕಾದ್ದು ಬೂಸಾ. ತಿಪ್ಪೆಯ ಸುತ್ತ ಬದು ಕಟ್ಟಿ ಮೇಲಿನ ಮಳೆ ನೀರು ಒಳಗೆ ನುಗ್ಗದಂತೆ, ತಿಪ್ಪೆ ನೀರು ಹೊರಗೆ ಹರಿಯದಂತೆ ಮಾಡಿ. ಹೊಂಡದ ತಳದ ಹೂಳಿನಲ್ಲಿ ಹಳೇ ರಂಜಕ ಕೂತಿರುತ್ತದೆ, ಹೂಳು ತೆಗೆಯದೆ ಪಾಚಿ ಬೇಗ ಬಿಡುವುದಿಲ್ಲ.

ಬದಲಿಸುವಾಗ ಎಡವುವ ಜಾಗ

ಒಂದೇ ದಿನ ಬದಲಿಸಬೇಡಿ. ಹತ್ತು ಹದಿನೈದು ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪ. ಜೋಳದ ನುಚ್ಚು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯಲ್ಲಿ ಹುಳಿ ಏರಿ ಹಸು ಮೇವು ಬಿಡುತ್ತದೆ, ಪ್ರಾಣಕ್ಕೂ ಬರಬಹುದು. ಕರು ಹಾಕಿ ಎರಡು ತಿಂಗಳು ಆಗದ ಹಸುವಿನ ಹಿಂಡಿಗೆ ಕೈ ಹಾಕುವ ಮೊದಲು ಡಾಕ್ಟರನ್ನು ಕೇಳಿ. ಆ ಸಮಯದಲ್ಲಿ ಅದು ತಿನ್ನುವುದು ಕಡಿಮೆ, ಕೊಡುವುದು ಜಾಸ್ತಿ. ಮೊದಲು ಇಳಿಸಬೇಕಾದ್ದು ಹಾಲು ಕಡಿಮೆಯಾದ ಹಸುಗಳದ್ದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಟ್ಟಿಗೆ ನಾಲ್ಕು ಬದಲಿಸಿದರೆ ಹಾಲು ಇಳಿದಾಗ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ನಾವು ಹಿಂಡಿ, ಬೂಸಾ, ನುಚ್ಚು ಮೂರನ್ನೂ ಒಟ್ಟಿಗೆ ಬದಲಿಸಿದ್ದು ತಪ್ಪೇ. ಹಾಲು ಇಳಿಯದೆ ಇದ್ದದ್ದು ಪುಣ್ಯ.

ಫಲ ಕಾಣುವ ವೇಗವೂ ಬೇರೆ ಬೇರೆ. ಎಂಯುಎನ್ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ನಮ್ಮ ಕೊಟ್ಟಿಗೆಯ ಘಾಟು ಎರಡನೇ ವಾರಕ್ಕೆ ಕಡಿಮೆಯಾಯಿತು, ಅಮ್ಮ ಮೊದಲು ಹೇಳಿದರು. ಲೆಕ್ಕದಲ್ಲಿ ಎಂಟು ಹಸುಗಳಿಂದ ದಿನಕ್ಕೆ ಅರ್ಧ ಕೆಜಿ ಸಾರಜನಕ ಉಳಿಯಿತು, ಆರು ವಾರಕ್ಕೊಂದು ಯೂರಿಯಾ ಮೂಟೆ. ಹೊಂಡ ಒಂದು ಮಳೆಗಾಲ ಕಳೆದ ಮೇಲೆ ತಿಳಿಯಾಗತೊಡಗಿತು. ಬೋರು ಹಾಗಲ್ಲ. ನೆಲದೊಳಗೆ ಮೊದಲೇ ಇಳಿದದ್ದು ಇನ್ನೂ ಬರುತ್ತಲೇ ಇರುತ್ತದೆ. ಮೊದಲ ವರದಿಯಲ್ಲಿ ನಮ್ಮ ಬೋರಿನ ನೈಟ್ರೇಟ್ 62 ಇತ್ತು. ಎರಡು ಮಳೆಗಾಲ ಕಳೆದ ಮೇಲೆ 58. ಕುಡಿಯುವ ನೀರಿಗೆ ಊರಿನ ಘಟಕದಿಂದ ಕ್ಯಾನ್ ಹೊರುವುದು ಇನ್ನೂ ನಿಂತಿಲ್ಲ.